ಐದು ದಿನದ ಮೆಸ್, ತಿಂಗಳ ರೊಟ್ಟಿ

ಬಳ್ಳಾರಿಯ ಲೇಡೀಸ್ ಹಾಸ್ಟೆಲ್ಲೊಂದರ ಮೆಸ್‌ನಲ್ಲಿ ಕುಳಿತು ನಾನು ಮತ್ತೆ ಮತ್ತೆ ಸಾಂಬಾರ್ ಹಾಕಿಸಿಕೊಂಡೆ. ಹಸಿವಾಗಿತ್ತು ಅಂದುಕೊಂಡಿರಾ? ಇಲ್ಲ, ತಪ್ಪು ಹುಡುಕುತ್ತಿದ್ದೆ. (ಸಿಗಲಿಲ್ಲ. ಹಾಳಾದ್ದು, ಚೆನ್ನಾಗಿಯೇ ಇತ್ತು.)

ಮಗಳು ಸಹನಾಗೆ ಬಳ್ಳಾರಿಯಲ್ಲಿ ಕಾಲೇಜು ಸೀಟ್ ಸಿಕ್ಕಿತು. ನಾವಿರುವುದು ಸಿರುಗುಪ್ಪದಲ್ಲಿ. ದಿನಾ ಬಸ್ಸಿನಲ್ಲಿ ಓಡಾಡಿದರೆ ಓದುವುದು ಯಾವಾಗ? ಹಾಸ್ಟೆಲ್ಲೇ ಸರಿ ಅಂತಾಯಿತು. ಅಲ್ಲಿ ಊಟಕ್ಕೆ ಎರಡು ಪ್ಲ್ಯಾನ್. ವಾರಪೂರ್ತಿ, ಇಲ್ಲವೇ ಸೋಮವಾರದಿಂದ ಶುಕ್ರವಾರದವರೆಗೆ. ಯಾವುದು ಅಂತ ವಾರ್ಡನ್ ಕೇಳಿದರು.

"ಶುಕ್ರವಾರದ ತನಕ ಸಾಕ್ರಿ," ಅಂದೆ, ಅವರ ಮಾತು ಮುಗಿಯುವ ಮೊದಲೇ.

"ಶನಿವಾರ, ಐತವಾರ ಊಟಕ್ಕ ಏನ್ ಮಾಡ್ತಾಳ್ರಿ ಮೇಡಂ?"

"ಮನಿಗೆ ಬರ್ತಾಳ್ರಿ."

ನಮ್ಮ ಮನೆಯವರು ನಕ್ಕರು. "ಅಕಿನ್ನ ಒಂದ್ ಮಾತು ಕೇಳು ಮೊದಲ."

ಯಾಕೆ ಕೇಳಬೇಕು? ಮೆಸ್‌ನ ಎಣ್ಣೆ, ಹೊಟ್ಟೆ, ಆರೋಗ್ಯ ಅಂತ ದೊಡ್ಡ ಭಾಷಣ ಬಿಗಿದೆ. ನಿಜ ಹೇಳಲಾ? ಎಣ್ಣೆಯೂ ಇಲ್ಲ, ಮಣ್ಣೂ ಇಲ್ಲ. ವಾರಕ್ಕೊಮ್ಮೆ ಅವಳು ಮನೆಯಲ್ಲಿರಬೇಕು, ಅಷ್ಟೆ. ಅವಳಿಲ್ಲದ ಮನೆಯಲ್ಲಿ ನನಗೆ ಹೊತ್ತೇ ಹೋಗುವುದಿಲ್ಲ.

ಮಗಳು ನಗುನಗುತ್ತಾ ಫಾರ್ಮಿಗೆ ಸಹಿ ಹಾಕಿಬಿಟ್ಟಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಹಾಸ್ಟೆಲ್ ಸೇರುವ ದಿನ ನಮ್ಮ ಕಡೆಯ ತಾಯಂದಿರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಸಜ್ಜೆಯ ಕಡಕ್ ರೊಟ್ಟಿ (ತಿಂಗಳಿಟ್ಟರೂ ಕೆಡುವುದಿಲ್ಲ), ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಟ್ಟೆ. ರೊಟ್ಟಿ ಕಟ್ಟದೆ ಮಗಳನ್ನು ಕಳಿಸುವುದುಂಟೇ? ನೋಡಿದವರು ಏನಂದಾರು? ರೊಟ್ಟಿಯ ಗಂಟು ಅವಳ ಪುಸ್ತಕದ ಬ್ಯಾಗಿಗಿಂತ ದೊಡ್ಡದಾಯಿತು.

ಮೊದಲ ಶುಕ್ರವಾರ ಬಂತು. ಎಣ್ಣೆಗಾಯಿ ಅಂದರೆ ಅವಳಿಗೆ ಪ್ರಾಣ. ಎಳೆ ಬದನೆಕಾಯಿ ತಂದಿಟ್ಟು ಫೋನ್ ಮಾಡಿದೆ.

"ನಾಳೆ ಯಾವ ಬಸ್ಸಿಗೆ ಬರ್ತಿ?"

"ಈ ವಾರ ಬರಂಗಿಲ್ಲವ್ವಾ. ರೂಮಿನವ್ರೆಲ್ಲಾ ಸೇರಿ ಕೋಟೆ ಗುಡ್ಡ ಹತ್ತಾಕ ಹೊಂಟೀವಿ."

"ಮೆಸ್ ಇರಂಗಿಲ್ಲಲ್ಲ, ಏನ್ ತಿಂತಿ ಮತ್ತ?" ಗೆದ್ದೆ ಅಂದುಕೊಂಡೆ.

"ನೀನ ಕೊಟ್ಟೀಯಲ್ಲ ರೊಟ್ಟಿ. ಎಲ್ಲಾರೂ ಕೂಡಿ ತಿಂದ್ರೂ ಮುಗಿಯಂಗಿಲ್ಲ. ಕುರುಗೋಡಿನ ಹುಡುಗಿ ಮನಿಯಿಂದ ಗಟ್ಟಿ ಮೊಸರು ತರಿಸ್ಯಾಳ."

ಪಕ್ಕದಲ್ಲಿ ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನಗುವೂ ಬಂತು. ಹೊಸ ಊರಿನಲ್ಲಿ ಒಂದೇ ವಾರಕ್ಕೆ ಹಂಚಿ ತಿನ್ನುವ ಗೆಳತಿಯರು ಸಿಕ್ಕಿದ್ದಾರೆ ಅಂದರೆ ತಾಯಿಗೆ ಖುಷಿಯಲ್ಲವೇ? ಖುಷಿಯೇ. ಆದರೂ ಎಣ್ಣೆಗಾಯಿ ಮಾಡದೆ ಆ ಬದನೆಕಾಯಿಯನ್ನು ಹಾಗೇ ಎತ್ತಿಟ್ಟೆ.

ಓದುಗ ತಾಯಂದಿರೇ, ಸರಿಯಾಗಿ ಶುಕ್ರವಾರಕ್ಕೆ ಹಳಸುವ ತಿಂಡಿ ಯಾವುದಾದರೂ ನಿಮಗೆ ಗೊತ್ತೇ?