ಚೀಲದಲ್ಲೇ ಉಳಿದ ಗಟ್ಟಿ ಕೇಬಲ್

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಹೆಡ್‌ಫೋನಿನ ಕೇಬಲ್‌ಗಳು ಆರು ಬಿದ್ದಿವೆ. ಐದು ಕೆಟ್ಟಿವೆ, ಆರನೆಯದು ಕೆಟ್ಟಿಲ್ಲ. ಕೆಟ್ಟ ಐದೂ ಗದುಗಿನ ಪೇಟೆಯಲ್ಲಿ, ಮೊಬೈಲ್ ರಿಪೇರಿ ಅಂಗಡಿಗಳ ಸಾಲಿನಲ್ಲಿ ಕೊಂಡ ಅಗ್ಗದ ಮಾಲು. ಐದೂ ಒಂದೇ ಜಾಗದಲ್ಲಿ ಸತ್ತಿವೆ: ಪಿನ್ನಿಗೆ ಸೇರುವಲ್ಲಿ, ವಾಯರು ಬಾಗುವ ಕಡೆ. ಮೊದಲು ಒಂದು ಕಿವಿ ಹೋಗುತ್ತದೆ. ಪಿನ್ನನ್ನು ತುಸು ತಿರುವಿದರೆ ಮರಳಿ ಬರುತ್ತದೆ. ಕೆಲವು ದಿನಗಳಾದ ಮೇಲೆ ತಿರುವಿದ ಕೈಯನ್ನು ಬಿಡುವ ಹಾಗಿರುವುದಿಲ್ಲ. ಟೇಪು ಸುತ್ತಿದರೆ ಇನ್ನೊಂದು ವಾರ. ಆಮೇಲೆ ಹೊಸದು.

ಹಳ್ಳಿಗಳಲ್ಲಿ ಬೇರೆಯವರು ರೆಕಾರ್ಡ್ ಮಾಡಿ ತಂದ ಮಾತುಗಳನ್ನು ಕೇಳಿ ಬರೆದುಕೊಡುವುದು ನನ್ನ ಕೆಲಸ. ಓದಿದ್ದು ಎಂ.ಎ., ಸಿಕ್ಕಿದ್ದು ಇದು, ಬೇಸರವೇನಿಲ್ಲ. ಶಿರಹಟ್ಟಿ, ಮುಂಡರಗಿ ಕಡೆಯ ರೈತರು ಬೀಜದ ಬಗ್ಗೆ, ಬಿತ್ತನೆಯ ಬಗ್ಗೆ ಆಡಿದ ಮಾತು ದಿನವಿಡೀ ಕಿವಿಯಲ್ಲಿರುತ್ತದೆ. ಬೆಳ್ಳಟ್ಟಿಗೆ ನಾನು ಒಮ್ಮೆಯೂ ಹೋಗಿಲ್ಲ. ಆದರೆ ಅಲ್ಲಿನ ಯಾವುದೋ ಹಿತ್ತಲಿನ ಹುಂಜ ಮಾತಿನ ನಡುವೆ ಎಷ್ಟು ಹೊತ್ತಿಗೊಮ್ಮೆ ಕೂಗುತ್ತದೆ ಎಂಬುದು ಗೊತ್ತು. ಇಂಥ ಕೆಲಸದಲ್ಲಿ ಒಂದು ಕಿವಿ ಹೋದರೆ ಅರ್ಧ ದಿನ ಹೋಗುತ್ತದೆ. ಹೀಗಾಗಿ ಅಗ್ಗದ ಕೇಬಲ್ ಕೊಳ್ಳಲೇಬಾರದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ. ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಕೇಳದಿದ್ದರೂ ಹೇಳಿಸಿಕೊಂಡವರಲ್ಲಿ ನಮ್ಮ ಗಿರಣಿಯ ಚಾಚಾ ಒಬ್ಬರು. ಬೆಟಗೇರಿಯಲ್ಲಿ ನಮ್ಮ ಓಣಿಯ ತುದಿಗೆ ಅವರ ಹಿಟ್ಟಿನ ಗಿರಣಿ. ಮೂಲೆಯಲ್ಲಿ ಮೋಟರು, ಅದರಿಂದ ಬೀಸುವ ಕಲ್ಲಿನ ಗಾಲಿಯವರೆಗೆ ಓಡುವ ಅಂಗೈ ಅಗಲದ ಬೆಲ್ಟು, ಅದೇ ಪಟ್ಟಾ. ಬಟ್ಟೆ ಸಿಕ್ಕಿಕೊಳ್ಳದಂತೆ ಪಟ್ಟಾಕ್ಕೆ ಒಂದು ಕಾಲಕ್ಕೆ ಜಾಲರಿ ಇತ್ತಂತೆ. ಪಟ್ಟಾ ಜಾರಿದಾಗಲೆಲ್ಲ ಬಿಚ್ಚುವುದು ತ್ರಾಸು ಎಂದು ಅದು ಗೋಡೆಗೆ ಒರಗಿ ನಿಂತು ವರ್ಷಗಳಾಗಿದ್ದವು. ಅದರ ಬದಲು ಚಾಚಾ ಬಾಗಿಲಿನ ಚೌಕಟ್ಟಿಗೆ ಒಂದು ದೊಡ್ಡ ಮೊಳೆ ಹೊಡೆದಿದ್ದರು. ಒಳಗೆ ಬರುವವರು ಹೆಗಲ ಮೇಲಿನ ಟವೆಲ್ಲು, ಓಡಣಿ, ಶಾಲು ಎಲ್ಲವನ್ನೂ ಆ ಮೊಳೆಗೆ ಹಾಕಿಯೇ ಬರಬೇಕು. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಕಟ್ಟಬೇಕು. ಓಣಿಯ ತುಂಬ ನೇಕಾರರ ಮನೆಗಳು. ಸೀರೆಯ ಬಗ್ಗೆ ಇವರ ಹತ್ತಿರ ಬುದ್ಧಿ ಹೇಳಿಸಿಕೊಳ್ಳುವುದು ಅಲ್ಲಿನ ಹೆಂಗಸರಿಗೆ ಸೇರುತ್ತಿರಲಿಲ್ಲ.

“ಸೆರಗ ಕಟ್ರಿ ಅಮ್ಮಾರ. ಪಟ್ಟಾಕ್ಕ ನಿಮ್ಮ ಸೀರಿ ಕೈಮಗ್ಗದ್ದೋ ಮಷಿನ್ದೋ ಗೊತ್ತಾಗಂಗಿಲ್ಲ.”

“ನಾ ನೇಯ್ದದ್ದು ನನಗ ಗೊತ್ತೈತಿ, ನೀ ಹಿಟ್ಟ ಸಣ್ಣ ಬೀಸು” ಎನ್ನುತ್ತಿದ್ದಳು ನಮ್ಮ ಪಕ್ಕದ ಮನೆಯ ಅಜ್ಜಿ. ಅಂದರೂ ಕಟ್ಟುತ್ತಿದ್ದಳು.

ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ನಿಂತು ಮನೆಗೆ ಹೋದ ಮೇಲೂ ಚಾಚಾನ ಕಿವಿಗಳು ಗುಂಯ್ ಎನ್ನುತ್ತಿದ್ದವು. ಹತ್ತಿ ಇಟ್ಟುಕೊಳ್ಳಿ ಎಂದಿದ್ದೆ. “ಹತ್ತಿ ಇಟ್ಟರ ಮಂದಿ ಮಾತ ಕೇಳಂಗಿಲ್ಲವಾ, ಗಿರಣಿ ಮಾತ್ರ ಕೇಳತೈತಿ” ಎಂದರು. ಕಿವಿಯನ್ನು ಪೂರ್ತಿ ಮುಚ್ಚುವ ನನ್ನ ಹಳೆಯ ಹೆಡ್‌ಫೋನನ್ನು ಅವರಿಗೆ ಕೊಟ್ಟೆ. ಅದರ ಕೇಬಲ್ ಬಿಚ್ಚಿ ಬೇರೆ ಹಾಕಬಹುದಾದಂಥದ್ದು. ಹಳೆಯದು ಕೆಟ್ಟಿತ್ತು, ಹೊಸದನ್ನು ಅವರೇ ತಂದುಕೊಳ್ಳಬೇಕಿತ್ತು.

ಸದ್ದು ತಡೆಯುವುದಷ್ಟೇ ಅವರಿಗೆ ಬೇಕಾಗಿದ್ದರೆ ಕೇಬಲ್ಲಿನ ಮಾತೇ ಬರುತ್ತಿರಲಿಲ್ಲ. ಕಳಸಾಪುರ ಅವರ ಊರು. ಮೊಹರಮ್ಮಿನಲ್ಲಿ ಅಲ್ಲಿನ ಮೇಳದೊಂದಿಗೆ ರಿವಾಯತ್ ಪದ ಹಾಡುತ್ತಾರೆ. ಅಷ್ಟು ವರ್ಷವೂ ಹಿಮ್ಮೇಳದಲ್ಲೇ ಇದ್ದರು. ಮುಂದೆ ನಿಂತು ಹಾಡುತ್ತಿದ್ದ ಮುದುಕರಿಗೆ ದನಿ ಹೋಗಿ, ಈ ಸಲ ನೀನೇ ಹೇಳು ಎಂದು ಉಳಿದ ದನಿಯಲ್ಲಿ ಪದಗಳನ್ನು ಇವರ ಫೋನಿಗೆ ಹಾಡಿಕೊಟ್ಟಿದ್ದರು. ಓದಲು ಬರೆಯಲು ಚಾಚಾನಿಗೆ ಅಷ್ಟಾಗಿ ಬಾರದು. ಕೇಳಿಯೇ ಕಲಿಯಬೇಕು, ಕೇಳಲು ಗಿರಣಿಯ ಹೊತ್ತು ಬಿಟ್ಟರೆ ಬೇರೆ ಹೊತ್ತಿಲ್ಲ.

ಅವರು ಪೇಟೆಯಿಂದ ಅತಿ ಅಗ್ಗದ್ದನ್ನು ತಂದರು. ನಾನು ಪಿನ್ನನ್ನು ಹಾಕಿ ನೋಡಿದೆ. ಕಂಪನಿಯ ಕೇಬಲ್ಲಿನ ಪಿನ್ನಿನಲ್ಲಿ ಸಣ್ಣ ಹಲ್ಲು ಇರುತ್ತದೆ, ಒಳಗೆ ಹಾಕಿ ತಿರುವಿದರೆ ಕಚ್ಚಿಕೊಳ್ಳುತ್ತದೆ. ಇದರಲ್ಲಿ ಅದಿರಲಿಲ್ಲ. ಸುಮ್ಮನೆ ಹೊಕ್ಕು ಕೂತಿತ್ತು.

“ಇದು ಎರಡ ತಿಂಗಳ ಬಾಳಂಗಿಲ್ಲ ಚಾಚಾ. ದಾರ ಹೆಣೆದದ್ದು ಬರತೈತಿ, ಅದನ್ನ ತಗೋರಿ. ಲಾಕ್ ಆಗತೈತಿ, ಜಗ್ಗಿದರೂ ಬರಂಗಿಲ್ಲ.”

“ನಿನ್ನಂಗ ಕುರ್ಚಿ ಮ್ಯಾಲೆ ಕುಂತ ಕೇಳಾಂವ ಅಲ್ಲವಾ ನಾ. ಹಿಟ್ಟಿನ ಧೂಳ ಹೊಕ್ಕರ ಬಂಗಾರದ ವಾಯರೂ ಕೆಡತೈತಿ. ಇದ ಸಾಕು.”

ಎರಡು ತಿಂಗಳೂ ಬಾಳಲಿಲ್ಲ. ಮತ್ತೆ ಅಂಥದ್ದನ್ನೇ ತಂದರು. ಕೆಟ್ಟದ್ದನ್ನು ನನ್ನ ಕೈಗಿಟ್ಟು, “ನಿನ್ನ ಮಾತ ಗೆದ್ದಿತು, ಇಟಗೋ” ಎಂದರು. ಗಟ್ಟಿಯಾದದ್ದು ಸಿಕ್ಕರೆ ನಾನೇ ತರುತ್ತೇನೆ ಎಂದೆ. ನನ್ನ ಖಾನೆಯ ಐದರಲ್ಲಿ ಒಂದು ಅದು. ಆ ಹೊತ್ತಿನಲ್ಲಿ ಒಂದು ಮದುವೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್ಸು ಕಾಯುವಾಗ ಎದುರಿನ ಅಂಗಡಿಯಲ್ಲಿ ಹೆಣೆದ ಕೇಬಲ್ ಕಾಣಿಸಿತು: ಕಪ್ಪು ದಾರದ ಹೊದಿಕೆ, ಲೋಹದ ಪಿನ್ನು, ಸರಿಯಾದ ಹಲ್ಲು. ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ ಕೊಂಡೆ. ಗೆದ್ದ ಮಾತನ್ನು ಇನ್ನಷ್ಟು ಗೆಲ್ಲಿಸುವ ಆಸೆಯೂ ಅದರಲ್ಲಿತ್ತು.

ಮರುದಿನ ಮಧ್ಯಾಹ್ನ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಕೇಬಲ್ ಕೈಚೀಲದಲ್ಲಿತ್ತು. ಅಜ್ಜಿ ಹೊರಗಿನ ಕಟ್ಟೆಯ ಮೇಲೆ ಕೂತು ತನ್ನ ಪಾಳಿ ಕಾಯುತ್ತಿದ್ದಳು.

“ಹಾಡ ಕಲಿಯಾಕ ಹತ್ಯಾನಂತ. ಮೊನ್ನೆ ನನ್ನ ಗೋದಿ ರವಾ ಆಗಿ ಬಂದಾವ, ಗೊತ್ತೇನ ನಿನಗ?” ಎಂದಳು.

ಒಳಗೆ ಗಿರಣಿ ನಡೆದಿತ್ತು. ಚಾಚಾ ನನ್ನನ್ನು ನೋಡಿ ಬೆರಳಿನಿಂದ ಮೊಳೆ ತೋರಿಸಿದರು. ನಾನು ಓಡಣಿ ತೆಗೆದು ಮೊಳೆಗೆ ಹಾಕಿದೆ. ಬಾಗಿದಾಗ ಜಾರಬಾರದೆಂದು ಅವರು ಹೆಡ್‌ಫೋನಿನ ಮೇಲಿಂದ ಒಂದು ಬಿಳಿ ವಸ್ತ್ರವನ್ನು ಗದ್ದದ ಕೆಳಗೆ ಗಂಟು ಹಾಕಿ ಕಟ್ಟಿದ್ದರು. ಕೇಬಲ್ ಜೋತಾಡಬಾರದೆಂದು ಕೊರಳಿಗೆ ಒಂದು ಸುತ್ತು ಹಾಕಿ, ಉಳಿದದ್ದನ್ನು ಅಂಗಿಯ ಕಿಸೆಯ ಫೋನಿಗೆ ಬಿಟ್ಟಿದ್ದರು. ಇದೆಲ್ಲವನ್ನೂ ನಾನು ನೋಡಿದೆ. ಅಚ್ಚುಕಟ್ಟಾಗಿದೆ ಎನ್ನಿಸಿತು. ಇದನ್ನು ಬರೆಯದೆ ಬಿಡಲಾರೆ: ನನಗೂ ಅದು ಅಚ್ಚುಕಟ್ಟಾಗಿಯೇ ಕಂಡಿತು. ಊರಿನವರ ಸೆರಗನ್ನೆಲ್ಲ ಕಾಯುತ್ತಿದ್ದ ಮನುಷ್ಯನಿಗೂ ವಾಯರು ಬಟ್ಟೆಯ ಲೆಕ್ಕಕ್ಕೆ ಬಂದಿರಲಿಲ್ಲ, ಅವರ ಎದುರು ಓಡಣಿ ತೆಗೆದ ನನಗೂ ಬಂದಿರಲಿಲ್ಲ.

ಕಲ್ಲಿಗೆ ಕಾಳು ಸರಿಯಾಗಿ ಇಳಿಯುತ್ತಿಲ್ಲವೆಂದು ಅವರು ಗಾಲಿಯ ಪಕ್ಕ ಬಾಗಿದರು. ಕಿಸೆಗೂ ಕೊರಳಿಗೂ ನಡುವೆ ಇದ್ದ ವಾಯರಿನ ಸಡಿಲು ಕೆಳಗೆ ಇಳಿಯಿತು. ಪಟ್ಟಾ ಅದನ್ನು ತೆಗೆದುಕೊಂಡಿತು.

ನಾನು ಕೂಗಿದೆ. ಗಿರಣಿಯ ಸದ್ದಿನಲ್ಲಿ ನನಗೇ ಅದು ಕೇಳಲಿಲ್ಲ. ಮೊದಲು ಕಿಸೆಯ ಕಡೆಯ ಪಿನ್ನು ಕಿತ್ತು ಬಂತು. ಆಮೇಲೆ ಕೊರಳಿನ ಸುತ್ತು ಬಿಗಿಯಿತು, ಅವರ ತಲೆ ಗಾಲಿಯ ಕಡೆಗೆ ಒಂದು ಗೇಣು ಹೋಯಿತು. ಅಲ್ಲಿಗೆ ಹೆಡ್‌ಫೋನಿನ ಕಡೆಯ ಪಿನ್ನೂ ಕಳಚಿತು. ವಾಯರು ಕೊರಳ ಸುತ್ತ ಸರ್ರನೆ ಓಡಿ, ಪಟ್ಟಾದ ಹಿಂದೆ ಹೋಗಿ, ಗಾಲಿಗೆ ಸುತ್ತಿಕೊಂಡಿತು. ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಚಾಚಾ ನೆಟ್ಟಗಾಗಿ, ಮೋಟರು ಬಂದ್ ಮಾಡಿ, ಕೊರಳು ಉಜ್ಜಿಕೊಂಡರು. ಕೆಂಪು ಗೆರೆಯೊಂದು ಮೂಡಿತ್ತು. ಗಾಲಿ ನಿಂತ ಮೇಲೆ ವಾಯರನ್ನು ಬಿಚ್ಚಿ ತೆಗೆದು ನೋಡಿದರು. ಪಿನ್ನೊಂದು ಇರಲೇ ಇಲ್ಲ.

“ನೀ ಹೇಳಿದ್ದ ಖರೆ ಐತಿ ನೋಡವಾ. ಹಲ್ಕಾ ಮಾಲು. ತುಸು ಜಗ್ಗಿದ್ದಕ್ಕ ಕಳಚಿ ಬಂತು” ಎಂದು ನಕ್ಕರು. “ಗಟ್ಟೀದ ತರ್ತೀನಿ ಅಂದಿದ್ದಿ. ತಂದಿಯೇನ?”

ಅವರಿಗೆ ಗೊತ್ತಾಗಿರಲಿಲ್ಲ. ಬೆನ್ನು ಆ ಕಡೆ ಇತ್ತು, ಕಣ್ಣು ಕಾಳಿನ ಮೇಲಿತ್ತು. ಏನೋ ಸಿಕ್ಕಿಕೊಂಡಿತು, ಜಗ್ಗಿತು, ಬಿಟ್ಟಿತು. ಅವರ ಪಾಲಿಗೆ ಅಷ್ಟೇ. ಗಾಲಿಗೂ ಹಣೆಗೂ ನಡುವೆ ಉಳಿದ ಜಾಗವನ್ನು ನೋಡಿದ್ದು ನಾನೊಬ್ಬಳೇ.

“ತಂದಿಲ್ಲರಿ” ಎಂದೆ. ಕೈಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದೆ. ಹಿಟ್ಟು ಬೀಸಿಸದೆ ಡಬ್ಬಿ ಹೊತ್ತು ಮನೆಗೆ ಬಂದೆ. ಓಡಣಿ ಅಲ್ಲಿಯೇ ಮೊಳೆಯ ಮೇಲೆ ಉಳಿಯಿತು.

ಮುಂದಿನ ಮೂರು ದಿನ ಕೆಲಸ ಸಾಗಲಿಲ್ಲ. ಬೀಜದ ಮಾತು ಕೇಳುತ್ತಿರುವಾಗಲೇ ಕಣ್ಣ ಮುಂದೆ ಚಾಚಾ ಮತ್ತೆ ಬಾಗುತ್ತಿದ್ದರು. ನಡೆದದ್ದು ನಡೆದ ಹಾಗೆ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಪ್ರತಿ ಸಲವೂ ಅವರ ಕೊರಳಲ್ಲಿದ್ದದ್ದು ಕಪ್ಪು ದಾರದ ಹೊದಿಕೆಯ ಕೇಬಲ್. ಅದು ನಡೆದ ಹಿಂದಿನ ದಿನ ಸಂಜೆ ಲಕ್ಷ್ಮೇಶ್ವರದ ಬಸ್ಸು ಇಳಿದವಳೇ ಗಿರಣಿಯ ಮುಂದೆಯೇ ಹಾದು ಬಂದಿದ್ದೆ. ದಣಿವಾಗಿತ್ತು, ನಾಳೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಒಂದು ಕಡೆ ಹಲ್ಲು ಕಚ್ಚಿ ಕೂತ ಪಿನ್ನು, ಗದ್ದಕ್ಕೆ ಗಂಟು ಹಾಕಿದ ವಸ್ತ್ರ, ಜಗ್ಗಿದರೂ ಹರಿಯದ ದಾರ. ಅಂಗಡಿಯಲ್ಲಿ ಎರಡೂ ಕೈಯಿಂದ ಜಗ್ಗಿ ನೋಡಿದ್ದು ನಾನೇ.

ನಾಲ್ಕನೆಯ ದಿನ ಅಜ್ಜಿ ನನ್ನ ಓಡಣಿ ತಂದುಕೊಟ್ಟಳು. “ಅಂವಾ ಪ್ಯಾಟ್ಯಾಗಿನ ಅಂಗಡಿಯವಗ ಹೇಳ್ಯಾನಂತ, ಲಾಕ್ ಇರೂ ವಾಯರ ತರಸು ಅಂತ. ನಾಳೆ ಬರತೈತಂತ. ಹಾಡ ಇನ್ನೂ ಅರ್ಧ ಉಳದಾವಂತ” ಎಂದಳು.

ಕೈಚೀಲ ತೆಗೆದುಕೊಂಡು ಕೂಡಲೇ ಹೊರಟೆ. ಅಜ್ಜಿ ಹಿಂದೆಯೇ ಬಂದಳು.

ಕರೆಂಟು ಹೋಗಿತ್ತು, ಗಿರಣಿ ನಿಂತಿತ್ತು. ಹೆಡ್‌ಫೋನನ್ನು ಕೇಳಿ ತೆಗೆದುಕೊಂಡೆ. ನನ್ನ ಕೇಬಲ್ ಹಾಕಿ, ತಿರುವಿ, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ.

“ಜಗ್ಗಿ ನೋಡ್ರಿ ಚಾಚಾ.”

ಅವರು ಜಗ್ಗಿದರು. ನಾನೇ ಒಂದು ಹೆಜ್ಜೆ ಅವರ ಕಡೆ ಹೋದೆ. “ಭಾಳ ಛಲೋ ಐತಲ್ಲಾ!” ಎಂದರು.

“ಆವತ್ತ ಇದ ಹಾಕಿದ್ದರ ಈಗ ನಾ ಹೆಂಗ ಬಂದ್ನೋ ಹಂಗ ನಿಮ್ಮ ತಲಿ ಗಾಲಿಗೆ ಹೋಗತಿತ್ತು” ಎಂದೆ. ಅವರು ಬಾಗಿದ್ದು, ವಾಯರು ಇಳಿದದ್ದು, ಪಟ್ಟಾ ಹಿಡಿದದ್ದು, ತಲೆ ಎಲ್ಲಿಯವರೆಗೆ ಬಂದಿತ್ತು, ಎಲ್ಲವನ್ನೂ ಗಾಲಿಯ ಪಕ್ಕ ಕೈಯಿಟ್ಟು ತೋರಿಸಿದೆ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ನಿಲ್ಲಿಸಲಿಲ್ಲ.

ಚಾಚಾ ಗಾಲಿಯನ್ನು ನೋಡಿದರು. ಕೈ ತಾನಾಗಿ ಕೊರಳಿಗೆ ಹೋಯಿತು.

“ಊರವರ ಸೆರಗ ನೋಡೂದರಾಗ ನಿನ್ನ ಕೊರಳ ಮರತೀಯಲ್ಲೋ ಖೋಡಿ” ಎಂದಳು ಅಜ್ಜಿ. ಬೈದದ್ದಾದರೂ ಅವಳ ದನಿ ಬೈಯುವ ಹಾಗಿರಲಿಲ್ಲ.

ಅವರು ಎದ್ದು ಹೆಡ್‌ಫೋನನ್ನು ಒಯ್ದು ಬಾಗಿಲ ಮೊಳೆಗೆ ತೂಗುಹಾಕಿದರು. ಕೇಬಲ್ಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. “ಇದ ನಿನಗ ಇರಲಿ. ನನಗ ಆ ಹಲ್ಕಾ ಮಾಲ ಸಾಕು.” ಅಂಗಡಿಯವನಿಗೆ ಅಲ್ಲಿಂದಲೇ ಫೋನು ಮಾಡಿ ಲಾಕಿನ ವಾಯರು ಬೇಡವೆಂದರು.

ಈಗ ಅವರು ಕರೆಂಟು ಹೋದಾಗ ಕಲಿಯುತ್ತಾರೆ. ಬೆಟಗೇರಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಜಾಲರಿಯೂ ಪಟ್ಟಾದ ಮೇಲೆ ಬಂದಿದೆ, ಒಂದು ಸ್ಕ್ರೂ ಕಡಿಮೆ. ಕಟ್ಟೆಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ, ತಮ್ಮ ದನಿ ತಮಗೇ ಕೇಳದೆ ಜೋರಾಗಿ ಹಾಡುತ್ತಾರೆ. ಕರೆಂಟು ಬಂದದ್ದು ಗೊತ್ತಾಗುವುದಿಲ್ಲ. ಅಜ್ಜಿ ತನ್ನ ಡಬ್ಬಿಯಿಂದ ನಾಲ್ಕು ಕಾಳು ಜೋಳ ತೆಗೆದು ಅವರ ಮೇಲೆ ಎಸೆಯುತ್ತಾಳೆ. ಆಗ ಎದ್ದು, ಮೊದಲು ಮೊಳೆಯ ಹತ್ತಿರ ಹೋಗಿ, ಆಮೇಲೆ ಸ್ವಿಚ್ಚಿನ ಹತ್ತಿರ ಹೋಗುತ್ತಾರೆ. ನಾನಿದ್ದರೆ ಮೊಳೆಯಿಂದ ಸ್ವಿಚ್ಚಿನವರೆಗೂ ಅವರ ಕೊರಳನ್ನೇ ನೋಡುತ್ತಿರುತ್ತೇನೆ.

ಗಟ್ಟಿ ಕೇಬಲ್ಲನ್ನು ನನ್ನ ಹೆಡ್‌ಫೋನಿಗೆ ಹಾಕಿಕೊಂಡೆ. ಅದಕ್ಕೂ ಸರಿಯಾಗಿ ಕೂರುತ್ತಿತ್ತು. ದನಿ ನಿಚ್ಚಳವಾಗಿತ್ತು, ಎರಡೂ ಕಿವಿ ಬರುತ್ತಿದ್ದವು, ಆ ಹಣಕ್ಕೆ ಮೋಸವಿಲ್ಲ. ಎರಡನೆಯ ದಿನ ಬಾಗಿಲಲ್ಲಿ ಯಾರೋ ಕರೆದರೆಂದು ಮರೆತು ಎದ್ದೆ. ಅದು ಕಳಚಲಿಲ್ಲ. ತಲೆಯನ್ನು ಹಿಂದಕ್ಕೆ ಜಗ್ಗಿತು, ಅಷ್ಟೇ; ಕುರ್ಚಿಯ ಕೈಗೆ ಸಿಕ್ಕಿಕೊಂಡಿತ್ತು. ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ಬಾಗಿಲಲ್ಲಿದ್ದವರು ಕರೆದು ಕರೆದು ಹೋದರು.

ಸಂಜೆ ಪೇಟೆಗೆ ಹೋಗಿ ಅಗ್ಗದ್ದನ್ನು ಎರಡು ಕೊಂಡೆ, ಒಂದು ನನಗೆ, ಒಂದು ಚಾಚಾನಿಗೆ. ಅಂಗಡಿಯವನು ಅಭ್ಯಾಸದಂತೆ, “ಇದಕ್ಕ ಗ್ಯಾರಂಟಿ ಇಲ್ಲ ನೋಡ್ರಿ ಅಕ್ಕಾರ, ಜಗ್ಗಿದರ ಬರತೈತಿ” ಎಂದ. ಆಗಲಿ ಎಂದೆ. ಅಲ್ಲಿಯೇ ಒಂದನ್ನು ನಾನು ಒಯ್ದಿದ್ದ ಹೆಡ್‌ಫೋನಿಗೆ ಹಾಕಿ, ಜಗ್ಗಿ ನೋಡಿ, ಕಳಚಿ ಬಂದ ಮೇಲೆ ದುಡ್ಡು ಕೊಟ್ಟೆ.