ತಲೆ ಕಾಯುವ ಹೇನಕ್ಕ

ಬೀದಿ ಇನ್ನೂ ಆಕಳಿಸುತ್ತಿದೆ. ಲಾಂಡ್ರಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಮಾತ್ರ ಆಗಲೇ ಕೆಲಸ ಶುರುವಾಗಿದೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೂತಿದ್ದಾಳೆ. ಬಿಚ್ಚಿದ ಕೂದಲು ಸೊಂಟ ದಾಟಿದೆ. ಹಿಂದೆ ನಿಂತ ಹೆಂಗಸು ಎಣ್ಣೆ ಹಚ್ಚಿದ ಆ ಕೂದಲನ್ನು ಬೆರಳಗಲ ಬೇರ್ಪಡಿಸಿ, ಬುಡದಿಂದ ತುದಿಯವರೆಗೂ ಒತ್ತು ಹಲ್ಲಿನ ಸೀರಣಿಗೆ ಎಳೆದು, ಅದನ್ನು ಬಿಳಿ ಬಟ್ಟೆಗೆ ಒರೆಸುತ್ತಾರೆ. ಒರೆಸಿದ್ದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಬಡಾವಣೆಯ ಮಕ್ಕಳೆಲ್ಲ ಇವರನ್ನು ಎದುರಿಗೆ ಅಕ್ಕ ಎನ್ನುತ್ತಾರೆ, ಬೆನ್ನು ತಿರುಗಿಸಿದೊಡನೆ ಹೇನಕ್ಕ. ಇದು ಅವರಿಗೂ ಗೊತ್ತು. "ಹೇನು ತೆಗೆಯೋಳನ್ನ ಇನ್ನೇನು ಮಹಾರಾಣಿ ಅಂತಾರಾ?" ಎಂದು ನಗುತ್ತಾರೆ. ಗಿರಾಕಿಗಳು ಇಷ್ಟು ಬೇಗ ಬರುವುದಕ್ಕೆ ಕಾರಣ ನಾಚಿಕೆ. ನೆಂಟರ ಕಣ್ಣಿಗೆ ಬೀಳದೆ ಬಂದು, ಬೀಳದೆ ಹೋಗಬೇಕು.

"ಸಿಕ್ತಾ?" ಎಂದು ಹುಡುಗಿಯ ಅಮ್ಮ ಕೇಳುತ್ತಾಳೆ.

"ಸಿಕ್ತು."

ಅಮ್ಮನ ಬ್ಯಾಗಿನಿಂದ ಕತ್ತರಿ ಹೊರಬರುತ್ತದೆ. ಮಗಳನ್ನು ಇಲ್ಲಿಗೆ ಕರೆತಂದದ್ದು ಇದು ಮೂರನೇ ಸಲ. ಪ್ರತಿ ಸಲವೂ ತಲೆ ಚೊಕ್ಕಟವಾಗುತ್ತದೆ, ಪ್ರತಿ ಸಲವೂ ಹೇನು ಮರಳಿ ಬರುತ್ತದೆ. "ಕತ್ತರಿಸಿಬಿಡಿ ಅಕ್ಕ. ಶಾಲೆಯವರು ಇನ್ನೊಂದು ಸಲ ಮನೆಗೆ ಕಳಿಸಿದ್ರೆ ನಾನು ಮುಖ ಎತ್ಕೊಂಡು ಓಡಾಡೋ ಹಾಗಿಲ್ಲ." ಹುಡುಗಿ ಕೂದಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ.

"ಒಂದು ವಾರ ಟೈಮ್ ಕೊಡಿ," ಎನ್ನುತ್ತಾರೆ ಹೇನಕ್ಕ. "ಆಮೇಲೂ ಇದ್ರೆ ಕತ್ತರಿ ನಾನೇ ಹಿಡೀತೀನಿ."

ಕತ್ತರಿ ಹಿಡಿಯುವುದು ಅವರಿಗೆ ಹೊಸದಲ್ಲ. ಮೊದಲು ದೊಡ್ಡ ಪಾರ್ಲರೊಂದರಲ್ಲಿ ಕೆಲಸಕ್ಕಿದ್ದರು. ಹೇನಿರುವ ತಲೆ ಕಂಡರೆ ಹೊರಗೆ ಕಳಿಸಬೇಕೆಂಬುದು ಅಲ್ಲಿಯ ಕಟ್ಟಪ್ಪಣೆ. ಒಮ್ಮೆ, ನಿಶ್ಚಿತಾರ್ಥದ ದಿನ ಅಲಂಕಾರಕ್ಕೆ ಬಂದ ಹುಡುಗಿಯನ್ನು ಎಲ್ಲರೆದುರು ಎಬ್ಬಿಸಿ ಕಳಿಸಿದರು. ಅವಳು ಹಿತ್ತಿಲ ಮೆಟ್ಟಿಲ ಮೇಲೆ ಅಳುತ್ತಾ ಕೂತಾಗ ಹೇನಕ್ಕ ಹಿಂದೆಯೇ ಹೋದರು. ಅಲ್ಲೇ ಕೂತು ಬಾಚಿದರು. ಹುಡುಗಿಯ ನಿಶ್ಚಿತಾರ್ಥ ಸಾಂಗವಾಗಿ ನೆರವೇರಿತು, ಇವರ ಕೆಲಸ ಹೋಯಿತು. ಎಷ್ಟೋ ತಿಂಗಳು ಮನೆ ನಡೆದದ್ದು ಬಸ್ ಓಡಿಸುವ ಗಂಡನ ಸಂಬಳದಲ್ಲಿ. ಆ ಗಂಡನದು ನುಣ್ಣನೆಯ ಬೋಳುತಲೆ. "ನಮ್ಮನೇಲಿ ಹೇನು ಬಂದ್ರೆ ಅದಕ್ಕೆ ನಾನೊಬ್ಬಳೇ ಗತಿ!" ಎನ್ನುತ್ತಾರೆ ಹೇನಕ್ಕ.

ಶತ್ರುವಿನ ಬಗ್ಗೆ ಮಾತಾಡುವಾಗ ಅವರ ದನಿಯಲ್ಲಿ ಒಂದಿಷ್ಟು ಸಲಿಗೆಯೇ ಇರುತ್ತದೆ. "ಅದಕ್ಕೆ ರೆಕ್ಕೆ ಇಲ್ಲ, ಹಾರಕ್ಕಾಗಲ್ಲ. ಕುಪ್ಪಳಿಸಕ್ಕೂ ಬರಲ್ಲ. ನಮ್ಮ ರಕ್ತ ಬಿಟ್ರೆ ಬೇರೆ ಊಟ ಇಲ್ಲ. ತಲೆಯಿಂದ ಕೆಳಗೆ ಬಿತ್ತೋ, ಒಂದೆರಡು ದಿನದಲ್ಲಿ ಕಥೆ ಮುಗೀತು. ಬಾಡಿಗೆ ಕೊಡದೆ ಕೂತಿರೋ ಬಾಡಿಗೆದಾರ, ಆದ್ರೆ ಮನೆ ಮಾತ್ರ ಕೆಡವಲ್ಲ." ಹಾಗಾದರೆ ಒಂದು ತಲೆಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? "ತಲೆಗೆ ತಲೆ ತಾಗಬೇಕು. ಜಗಳ ಆಡೋರ ನಡುವೆ ಹೇನು ಓಡಾಡಲ್ಲ ನೋಡಿ."

ಹುಡುಗಿಯ ಮನೆಯಲ್ಲಿ ಅಪ್ಪ, ಅಮ್ಮ, ತಮ್ಮ ಮೂವರ ತಲೆಯನ್ನೂ ನೋಡಿಯಾಗಿದೆ, ಎಲ್ಲ ಶುಭ್ರ. ಹೇನಕ್ಕ ಬಾಚಣಿಗೆ ನಿಲ್ಲಿಸಿ ಕೇಳುತ್ತಾರೆ: "ಯಾರ ಪಕ್ಕ ಮಲಗ್ತೀಯ ಪುಟ್ಟಿ?"

"ಅಜ್ಜಿ ಪಕ್ಕ. ಒಂದೇ ದಿಂಬು."

ಅಮ್ಮನ ಮುಖದ ಬಣ್ಣವೇ ಬದಲಾಗುತ್ತದೆ. "ನಮ್ಮತ್ತೇದಾ? ಅವರ ತಲೇಲಿ ಇರೋದೇ ನಾಲ್ಕು ಕೂದಲು!"

"ಹೇನು ಇಳ್ಕೊಳ್ಳೋಕೆ ನಾಲ್ಕು ಸಾಕು."

"ಅಯ್ಯೋ, ಅವರಿಗೆ ಇದನ್ನ ಹೇಳೋದ್ಯಾರು? ಬಿಸಿನೀರು ಸ್ವಲ್ಪ ಆರಿದ್ರೂ ಮನೆ ತಲೆ ಮೇಲೆ ಮಾಡ್ತಾರೆ. ಅಜ್ಜಿ ಜೊತೆ ಮಲಗೋದನ್ನೇ ಬಿಡಿಸಿಬಿಡ್ತೀನಿ."

ಕತ್ತರಿ ಕಂಡಾಗ ಅಳದ ಹುಡುಗಿ ಈಗ ಗಳಗಳನೆ ಅಳುತ್ತಾಳೆ. "ಕೂದಲು ಬೇಕಾದ್ರೆ ಕತ್ತರಿಸಮ್ಮ!"

ಹೇನಕ್ಕ ಅವತ್ತು ಸಂಜೆ ಆ ಮನೆಗೆ ಹೋಗುತ್ತಾರೆ. ಅಜ್ಜಿ ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿಕೊಂಡು ವರಾಂಡದಲ್ಲಿ ಕೂತಿದ್ದಾರೆ. ಹೇನಕ್ಕ ಅವರ ಹೇನಿನ ಮಾತೇ ಎತ್ತುವುದಿಲ್ಲ. ಸೀದಾ ಅವರ ಕಾಲ ಬಳಿ ಕೂತು, ತಮ್ಮದೇ ಜಡೆ ಬಿಚ್ಚುತ್ತಾರೆ. "ದೊಡ್ಡಮ್ಮ, ಊರೋರ ತಲೆ ನೋಡಿ ನೋಡಿ ನನ್ನ ತಲೆ ನೋಡೋರು ಯಾರೂ ಇಲ್ಲ. ನಮ್ಮ ಯಜಮಾನರಿಗೆ ಕೂದಲು ಯಾವುದು, ಹೇನು ಯಾವುದು ಗೊತ್ತಾಗಲ್ಲ. ನೀವೊಂದು ಸ್ವಲ್ಪ ನೋಡ್ತೀರಾ?"

ಅಜ್ಜಿ ಗೊಣಗುತ್ತಲೇ ಕನ್ನಡಕ ಏರಿಸುತ್ತಾರೆ. ಹಳೆಯ ಬೆರಳುಗಳು ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ನಿಧಾನವಾಗಿ ಓಡಾಡುತ್ತವೆ. ಒಂದು ಹೇನು ಸಿಕ್ಕೇಬಿಡುತ್ತದೆ! ಅಜ್ಜಿ ಗೆದ್ದವರಂತೆ ಅದನ್ನು ಉಗುರಿನ ಮೇಲಿಟ್ಟು ತೋರಿಸುತ್ತಾರೆ. ನಾಟಕವಾಡಲು ಬಂದ ಹೇನಕ್ಕನಿಗೆ ನಗು ತಡೆಯಲಾಗುವುದಿಲ್ಲ, ಅಜ್ಜಿಗೂ ಅಷ್ಟೇ. ನಕ್ಕು ಸುಸ್ತಾದ ಮೇಲೆ ಅಜ್ಜಿ ತಾವೇ ವಸ್ತ್ರ ಬಿಚ್ಚುತ್ತಾರೆ.

"ಈಗ ನಂದೂ ನೋಡಮ್ಮ. ತುಂಬಾ ದಿನದಿಂದ ಕೆರೀತಿದೆ. ಯಾರಿಗೆ ಹೇಳ್ಲಿ? ಈ ವಯಸ್ಸಲ್ಲಿ ಹೇನು ಅಂದ್ರೆ ಮೊಮ್ಮಗಳನ್ನ ನನ್ನ ಹತ್ರ ಸೇರಿಸ್ತಾರಾ?"

ಬಾಗಿಲಲ್ಲಿ ನಿಂತಿದ್ದ ಸೊಸೆ ಕೇಳಿಸಿಕೊಂಡು ತಲೆ ತಗ್ಗಿಸುತ್ತಾಳೆ. ಆಮೇಲೆ ಎಣ್ಣೆ ಬಟ್ಟಲು ತಂದು ಪಕ್ಕದಲ್ಲೇ ಕೂರುತ್ತಾಳೆ. ಅಜ್ಜಿ, ಮೊಮ್ಮಗಳು ಇಬ್ಬರಿಗೂ ಅಂದೇ ಬಾಚಿದ್ದಾಗುತ್ತದೆ. ಸೀರು, ಅಂದರೆ ಹೇನಿನ ಮೊಟ್ಟೆ, ಒಡೆದು ಮರಿಯಾಗಲು ವಾರ ಹಿಡಿಯುತ್ತದೆ. ಅದಕ್ಕೇ ನಡುವೆ ಮತ್ತೆ ಮತ್ತೆ ಬಾಚಬೇಕು. ಆ ಕೆಲಸವನ್ನು ಹೇನಕ್ಕ ಸೊಸೆಗೇ ಕಲಿಸಿಕೊಟ್ಟು, ವಾರದ ಮಟ್ಟಿಗೆ ಅಜ್ಜಿ, ಮೊಮ್ಮಗಳಿಗೆ ಬೇರೆ ಬೇರೆ ದಿಂಬು ಎಂದು ಹೇಳಿ ಬರುತ್ತಾರೆ.

ವಾರ ಕಳೆದ ಮೇಲೆ ಮೂವರೂ ಅದೇ ಕೋಣೆಗೆ ಬರುತ್ತಾರೆ. ಹೇನಕ್ಕ ಹುಡುಗಿಯ ತಲೆಯಲ್ಲಿ ಸೀರಣಿಗೆ ಎಳೆಯುತ್ತಾರೆ, ಒರೆಸುತ್ತಾರೆ, ನೋಡುತ್ತಾರೆ. ಬಟ್ಟೆ ಬಿಳಿಯಾಗಿಯೇ ಇದೆ. ಆ ಕಡೆ ಅಜ್ಜಿಯ ತಲೆ ಸೊಸೆಯ ಕೈಯಲ್ಲಿದೆ. ಅಲ್ಲೂ ಏನೂ ಸಿಗುವುದಿಲ್ಲ, ಆದರೂ ಅಜ್ಜಿ ಏಳುವುದಿಲ್ಲ. "ಇನ್ನೊಂದು ಸಲ ಸರಿಯಾಗಿ ನೋಡೇ. ಬಲಗಡೆ ನೋಡೇ ಇಲ್ಲ ನೀನು."

"ನೋಡಿದ್ನಲ್ಲ ಅತ್ತೆ!"

"ನೋಡಿದ್ರೇನಂತೆ, ಮತ್ತೆ ನೋಡು."

ಹೀಗೆ ಎಲ್ಲರಿಗೂ ಕಲಿಸುತ್ತಾ ಹೋದರೆ ನಿಮ್ಮ ಸಂಪಾದನೆಯ ಗತಿ ಏನು ಎಂದು ಕೇಳಿದರೆ ಹೇನಕ್ಕ ಬಾಚಣಿಗೆ ತೊಳೆಯುತ್ತಾ ಹೇಳುತ್ತಾರೆ: "ಬರೋರು ಬರ್ತಾನೇ ಇರ್ತಾರೆ ಬಿಡಿ. ನನಗಿರೋ ಆಸೆ ಒಂದೇ. ಹೇನು ಬಂತು ಅಂತ ಯಾರನ್ನೂ ಯಾರ ಪಕ್ಕದಿಂದಲೂ ಎಬ್ಬಿಸಬಾರದು. ಇವತ್ತು ಈ ಅಜ್ಜಿ, ಮೊಮ್ಮಗಳು ಮತ್ತೆ ಒಂದೇ ದಿಂಬಿಗೆ ತಲೆ ಇಡ್ತಾರಲ್ಲ, ಅದು ನಾನು ಮಾಡಿದ ಕೆಲಸ."