ಸ್ವಲ್ಪ ಓರೆ

ಅವನ ಕ್ಷೌರದಂಗಡಿಯ ತಾರಸಿಯ ಮೇಲೆ ಮುನ್ನೂರ ಹನ್ನೆರಡು ಕಳ್ಳಿಗಿಡಗಳಿದ್ದವು. ದೊಡ್ಡದೆಂದರೆ ನಿಂಬೆಹಣ್ಣಿನಷ್ಟು, ಚಿಕ್ಕದೆಂದರೆ ಅಂಗಿಯ ಗುಂಡಿಯಷ್ಟು. ಹಾಗಾಗಿ ಹೆತ್ತವರು ಇಟ್ಟ ಹೆಸರು ಯಾವಾಗಲೋ ಕತ್ತರಿಸಿದ ಕೂದಲಿನ ಜೊತೆ ಗುಡಿಸಿಹೋಗಿ, ಬೀದಿಗೆಲ್ಲ ಅವನು ಮುಳ್ಳಣ್ಣ. ಅವನ ಕತ್ತಿಯ ಹರಿತದ ಬಗ್ಗೆ ಆ ಬೀದಿ ಹೇಳದ ಮಾತಿಲ್ಲ. ಅವನು ಕತ್ತಿ ಮಸೆಯುವ ಸದ್ದು ಕೇಳಿದರೆ ಎದುರು ಸಾಲಿನ ಗಂಡಸರ ಗಡ್ಡ ಹೆದರಿ ತಾನಾಗಿಯೇ ಒಳಕ್ಕೆ ಹೋಗುತ್ತಿತ್ತಂತೆ. ಒಬ್ಬ ಗಿರಾಕಿ ಕುರ್ಚಿಯಲ್ಲೇ ನಿದ್ದೆಹೋಗಿ, ಎದ್ದು, ನುಣ್ಣಗಾದ ಕೆನ್ನೆ ಮುಟ್ಟಿಕೊಂಡು, ಇದು ನನ್ನ ಮುಖವಲ್ಲ, ನನ್ನದನ್ನು ವಾಪಸು ಕೊಡಿ ಎಂದು ಜಗಳ ತೆಗೆದಿದ್ದನಂತೆ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಕೇಳಬಾರದು.

ಗಿಡಗಳು ಮಾತ್ರ ಅವನವಲ್ಲ, ಹೆಂಡತಿಯವು. ಅಂಗಡಿಯ ನಡುವೆ ಒಂದು ಪರದೆ. ಈಚೆ ಇವನ ಕನ್ನಡಿ, ಕುರ್ಚಿ; ಆಚೆ ಅವಳ ಹೊಲಿಗೆಯಂತ್ರ. ಈಚೆ ಕತ್ತರಿಸುವುದು, ಆಚೆ ಹೊಲಿಯುವುದು, ಹೀಗೆ ಮೂವತ್ತನಾಲ್ಕು ವರ್ಷ ಸಂಸಾರ ಸರಿದೂಗಿತ್ತು. ಮಧ್ಯಾಹ್ನ ಕೆಲಸ ಕಡಿಮೆಯಾದಾಗ ಅವಳು ಮೇಲೆ ಹೋಗಿ ಗಿಡಗಳಿಗೆ ಸಂಬಂಧ ಕುದುರಿಸುತ್ತಿದ್ದಳು. ಒಂದು ಹೂವಿನ ಪರಾಗವನ್ನು ಸಣ್ಣ ಕುಂಚದಲ್ಲಿ ಎತ್ತಿ ಇನ್ನೊಂದು ಹೂವಿನ ನಡುವೆ ಸವರಿ, ಯಾರಿಗೆ ಯಾರು ಎಂಬ ಗುರುತಿಗೆ ಬಣ್ಣದ ದಾರ ಕಟ್ಟುತ್ತಿದ್ದಳು. ಮನುಷ್ಯರ ಮದುವೆಗಿಂತ ಇದೇ ವಾಸಿ, ಅತ್ತೆ ಬಂದು ತಲೆ ಮೇಲೆ ಕೂರಲ್ಲ ಎನ್ನುತ್ತಿದ್ದಳು. ಅವಳ ಅತ್ತೆ ಎಂದರೆ ಇವನ ತಾಯಿ. ಹೌದೆನ್ನಲೂ ಆಗದೆ ಅಲ್ಲವೆನ್ನಲೂ ಆಗದೆ ಇವನು ಬ್ಲೇಡು ಹುಡುಕುವವನ ಹಾಗೆ ಕೆಳಗೆ ಇಳಿದುಬಿಡುತ್ತಿದ್ದ.

ಕಸಿ ಕಟ್ಟುವುದು ಮಾತ್ರ ಇಬ್ಬರ ಕೆಲಸ. ಬೀಜದಿಂದ ಎದ್ದ ಕಳ್ಳಿಮರಿ ಸಾಸಿವೆ ಕಾಳಿಗಿಂತ ಒಂದು ತೂಕ ಹೆಚ್ಚು, ಅಷ್ಟೆ. ಅದರ ಬೇರಿನ ಮೇಲೇ ಬಿಟ್ಟರೆ ಹೂ ಕಾಣಲು ನಾಲ್ಕೈದು ವರ್ಷ ಬೇಕು. ಅದನ್ನು ಬುಡದಲ್ಲಿ ಕೊಯ್ದು, ದಪ್ಪನೆಯ ಮೂರು ಮೂಲೆಯ ಕಳ್ಳಿಯೊಂದರ ತಲೆ ತೆಗೆದು ಅಲ್ಲಿ ಕೂರಿಸಿದರೆ ಎರಡನೇ ವರ್ಷಕ್ಕೇ ಹೂ. ಕೊಯ್ದು ಕೂರಿಸುವುದು ಅವನು, ದಾರದಲ್ಲಿ ಬಿಗಿಯುವುದು ಅವಳು. ಅಡ್ಡಕ್ಕೆ ಕೊಯ್ದ ದೊಡ್ಡ ಕಳ್ಳಿಯ ನಡುವೆ ಬಳೆಯಂಥ ಒಂದು ಗೆರೆ ಕಾಣುತ್ತದೆ. ಗಿಡ ನೀರು ಎಳೆಯುವುದು ಆ ಬಳೆಯಲ್ಲಿ. ಮರಿಯೊಳಗೂ ಅಂಥದೇ ಬಳೆ, ಸೂಜಿಮೊನೆಯಷ್ಟು. ಚಿಕ್ಕ ಬಳೆ ದೊಡ್ಡ ಬಳೆಯ ಗೆರೆಗೆ ತಾಗಬೇಕು, ಅದಕ್ಕೆ ಮರಿಯನ್ನು ಒಂದು ಪಕ್ಕಕ್ಕೆ ಓರೆಯಾಗಿ ಕೂರಿಸಬೇಕು. ಸರಿಯಾಗಿ ನಡುವೆ ಇಟ್ಟರೆ ಎಲ್ಲೂ ತಾಗದು. ಕೆರೆ ನಡುವಿನ ಒಣ ದಿಬ್ಬದ ಮೇಲೆ ಕೂತವನ ಹಾಗೆ, ಸುತ್ತಲೂ ನೀರು, ಕೈಗೆ ಎಟುಕದು.

ಆದರೆ ಮುಳ್ಳಣ್ಣನದು ಜೀವಮಾನವಿಡೀ ಮೂಗಿನ ನೇರಕ್ಕೆ ಬೈತಲೆ ತೆಗೆದ ಕೈ. ನಡು ಎಲ್ಲಿ ಅಡಗಿದ್ದರೂ ಹುಡುಕಿಕೊಂಡು ಹೋಗುತ್ತಿತ್ತು. ಏಣಿ ಕೊಟ್ಟಿದ್ದರೆ ಚಂದ್ರನಿಗೂ ನಡುಬೈತಲೆ ತೆಗೆದು ಬರುತ್ತಿದ್ದ. ಹಾಗಾಗಿ ಪ್ರತಿ ಸಲವೂ ಅವಳು ಪಕ್ಕದಲ್ಲಿ ದಾರ ಹಿಡಿದು ನಿಂತು, "ರೀ, ಸ್ವಲ್ಪ ಓರೆ" ಎನ್ನುತ್ತಿದ್ದಳು. ಪ್ರತಿ ಸಲವೂ ಅವನು, "ಗೊತ್ತು ಕಣೇ" ಎನ್ನುತ್ತಿದ್ದ. ಗೊತ್ತಿದ್ದದ್ದು ತಲೆಗೆ. ಕೈಗೆ ಗೊತ್ತಿರಲಿಲ್ಲ.

ಅವಳಿಗೆ ಒಂದೇ ಒಂದು ಹುಚ್ಚಿತ್ತು. ನಿಂಬೆಗಾತ್ರದ ಹಳದಿ ಹೂವಿನ ಕಳ್ಳಿಗೂ ಗುಂಡಿಗಾತ್ರದ ಕಡುಗೆಂಪು ಹೂವಿನದಕ್ಕೂ ಸಂಬಂಧ ಬೆಳೆಸಬೇಕು, ಹುಟ್ಟುವ ಕೂಸಿನ ಹೂ ಯಾವ ಬಣ್ಣ ಎಂದು ನೋಡಬೇಕು. ಆ ಎರಡೋ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜಾತಿ. ಹಳದಿಯದು ಅರಳಿ ಬಾಡಿ ಎರಡು ತಿಂಗಳಾದ ಮೇಲೆ ಕೆಂಪಿನದು ಕಣ್ಣುಜ್ಜಿಕೊಂಡು ಏಳುತ್ತಿತ್ತು. ಅದಕ್ಕೆ ಅವಳು ಹಳದಿ ಹೂವಿನ ಪರಾಗವನ್ನು ಕಾಗದದಲ್ಲಿ ಮಡಿಸಿ ಫ್ರಿಜ್ಜಿನಲ್ಲಿ, ಮೊಟ್ಟೆಗಳ ಪಕ್ಕದಲ್ಲಿ ಕಾಪಿಟ್ಟಿದ್ದಳು. ಆ ವರ್ಷ ಬೀದಿಯ ಕೊನೆಮನೆಯ ಮೇಷ್ಟ್ರು ಮುಖಕ್ಷೌರದ ನಡುವೆ ಸೀನಿದರು. ಕೆನ್ನೆ ಸೀಳಿತು. ರಕ್ತ ನಿಲ್ಲಿಸುವ ಪಟಿಕ ಮುಗಿದಿತ್ತು. ಮುಳ್ಳಣ್ಣ ಗಾಬರಿಯಲ್ಲಿ ಅಂಗಡಿಯ ಹಿಂದಿದ್ದ ಮನೆಗೆ ಓಡಿ, ಫ್ರಿಜ್ಜಿನಲ್ಲಿದ್ದ ಪುಡಿಯನ್ನು ಯಾವುದೋ ಔಷಧಿಯೆಂದು ತಂದು ಗಾಯಕ್ಕೆ ಪೂರ್ತಿ ಮೆತ್ತಿದ.

ಎರಡು ದಿನ ಹೊಲಿಗೆಯಂತ್ರ ಮಾತ್ರ ಕಟಕಟ ಓಡಿತು. ಮೂರನೇ ದಿನ ಪರದೆಯ ಆಚೆಯಿಂದ ಅಂದಳು, "ಹೋಗ್ಲಿ ಬಿಡಿ. ಮೇಷ್ಟ್ರ ಕೆನ್ನೆ ಹೂ ಬಿಟ್ಟರೆ ನನಗೊಂದು ಬೀಜ ತಂದುಕೊಡಿ."

ಬೀದಿ ಆ ಮಾತಿಗೆ ವರ್ಷವಿಡೀ ನಕ್ಕಿತು. ಇವನೂ ನಕ್ಕ. ಒಂದು ವರ್ಷ ಹೋದರೆ ಇನ್ನೊಂದು ಬರುತ್ತದೆ ಎಂದುಕೊಂಡಿದ್ದ.

ಮುಂದಿನ ವರ್ಷ ಸಂಬಂಧ ಕೂಡಿತು. ಕೆಂಪು ದಾರ ಕಟ್ಟಿದ ಕಾಯಿ ಊದತೊಡಗಿತು. ಅದೇ ಹೊತ್ತಿಗೆ ಅವಳ ಕಾಲುಗಳೂ ಊದತೊಡಗಿದವು. ಮೂತ್ರಪಿಂಡ ಎರಡೂ ಕೈಕೊಟ್ಟಿವೆ ಎಂದರು ಡಾಕ್ಟರು. ಹಣ್ಣು ಒಡೆದ ದಿನ ಅವಳು ಹಾಸಿಗೆಯಲ್ಲೇ ಕೂತು, ಮುಚ್ಚಳವಿರುವ ಡಬ್ಬಿಯ ಮರಳಿನಲ್ಲಿ ಹತ್ತೊಂಬತ್ತು ಬೀಜಗಳನ್ನು ಸಾಲಾಗಿ ಕಾಜ ಹೊಲಿದಷ್ಟು ಜೋಪಾನವಾಗಿ ಊರಿದಳು. "ಎದ್ದ ಕೂಡಲೇ ಕಸಿ ಕಟ್ಟಿಬಿಡಿ," ಎಂದಳು. "ನಾಲ್ಕು ವರ್ಷ ಕಾಯೋಕೆ ನನಗೆ ಪುರುಸೊತ್ತಿಲ್ಲ." ಆರು ದಿನಕ್ಕೆ ಹೋದಳು.

ಅವಳು ಹೋದ ಮೇಲೆ ಅವನು ಗಿರಾಕಿಗಳ ತಲೆಗಿಂತ ಹೆಚ್ಚಾಗಿ ಆ ಡಬ್ಬಿಯನ್ನೇ ನೋಡಿದ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ, ಅವನು ಬಿಟ್ಟುಕೊಂಡ ಎಣ್ಣೆಯಲ್ಲಿ ಇಡೀ ಬೀದಿಗೆ ದೀಪ ಹಚ್ಚಬಹುದಿತ್ತು. ಹತ್ತೊಂಬತ್ತರಲ್ಲಿ ಹದಿನೆಂಟು ಮಣ್ಣಾದವು. ಒಂದು ಎದ್ದಿತು. ಅದೂ ಹಸಿರಲ್ಲ, ಮೊಟ್ಟೆ ಒಡೆದಾಗ ನಡುವೆ ಕಾಣುವಂಥ ಹಳದಿ. ಇಂಥ ಮರಿಗಳನ್ನು ಅವನು ಬಲ್ಲ. ಮೈಯಲ್ಲಿ ಹಸಿರೇ ಇಲ್ಲದ ಕೂಸು ತನ್ನ ಅನ್ನ ತಾನು ಮಾಡಿಕೊಳ್ಳಲಾರದು. ಬೀಜದೊಳಗೆ ಕಟ್ಟಿಕೊಂಡು ಬಂದ ಬುತ್ತಿ ಎರಡು ವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಸಿರು ಗಿಡದ ತಲೆಯ ಮೇಲೆ ಕೂತರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಗಳು ಬಸ್ ಕಂಡಕ್ಟರು, ನಾಲ್ಕು ಬೀದಿ ಆಚೆ ಗಂಡನ ಜೊತೆ ಇದ್ದಾಳೆ. ಭಾನುವಾರ ರಜೆ, ನಾನು ಬಂದು ದಾರ ಹಿಡೀತೀನಿ, ಅಲ್ಲಿವರೆಗೆ ಮುಟ್ಟಬೇಡ ಎಂದಿದ್ದಳು. ಅವನು ಆಯ್ತು ಎಂದ. ಆದರೆ ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ ಇನ್ನೊಬ್ಬರು ನಿಲ್ಲುವುದು, ಮಗಳೇ ಆದರೂ, ಅವನಿಗೆ ಬೇಡವಾಗಿತ್ತು. ಶನಿವಾರ ಮಧ್ಯಾಹ್ನವೇ ಅಂಗಡಿಗೆ ಬಾಗಿಲೆಳೆದ. ಪರದೆ ಸರಿಸಿದ. ಯಂತ್ರದ ಮೇಲೆ ಅರ್ಧ ಹೊಲಿದ ತೋಳೊಂದು ಸೂಜಿಗೆ ಕಚ್ಚಿಕೊಂಡೇ ಇತ್ತು. ಪಕ್ಕದ ಉಂಡೆಯಿಂದ ಗೇಣು ದಾರ ಕತ್ತರಿಸಿಕೊಂಡ. ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಸ್ಪಿರಿಟ್ಟಿನಲ್ಲಿ ಒರೆಸಿದ. ಹಸಿರು ಕಳ್ಳಿಯ ತಲೆ ಒಂದೇ ಏಟಿಗೆ ತೆಗೆದ. ಮರಿಯನ್ನು ಕೊಯ್ದು ಬ್ಲೇಡಿನ ತುದಿಯಲ್ಲೇ ಎತ್ತಿ, ಉಸಿರು ಬಿಗಿಹಿಡಿದು ಕೂರಿಸಿದ. ಕೈ ನಡುಗುತ್ತದೆ ಎಂದು ಹೆದರಿದ್ದ, ನಡುಗಲಿಲ್ಲ. ದಾರ ಬಿಗಿದು ಗಾಜಿನ ಲೋಟ ಬೋರಲು ಹಾಕಿದ. ಅವಳು ಸತ್ತ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡ.

ಮರುದಿನ ಮಗಳು ಬಂದಳು. ತನ್ನನ್ನು ಕಾಯಲಿಲ್ಲ ಎಂದು ಮುಖ ಊದಿಸಿಕೊಂಡವಳು ಲೋಟದೊಳಗೆ ಬಗ್ಗಿ ನೋಡಿ ಕರಗಿದಳು.

"ಅಪ್ಪ, ಎಷ್ಟು ಚೆನ್ನಾಗಿ ಕೂರಿಸಿದ್ದೀಯ. ಅಳತೆ ಹಿಡಿದ ಹಾಗೆ ನಟ್ಟನಡುವೆ ಇದೆ."

ಅವನು ಕನ್ನಡಕ ಹಾಕಿಕೊಂಡು ನೋಡಿದ. ಹೌದು, ನಟ್ಟನಡುವೆ. ಹಸಿರು ಬಳೆಯ ಒಳಗೆ, ನಾಲ್ಕೂ ದಿಕ್ಕಿಗೆ ಸಮ ದೂರದಲ್ಲಿ, ಯಾವುದನ್ನೂ ತಾಗದೆ.

ಬಿಚ್ಚಿ ಮತ್ತೆ ಕೊಯ್ಯೋಣವೆಂದರೆ ಮರಿಯಲ್ಲಿ ಕೊಯ್ಯಲು ಉಳಿದದ್ದೇನು? ಇದ್ದದ್ದೇ ಒಂದು ಕೊಯ್ತಕ್ಕೆ ಸಾಲುವಷ್ಟು. ಆ ದಿನ ಕೈ ಒಂದಿಷ್ಟು ನಡುಗಿದ್ದರೂ ಸಾಕಿತ್ತು.

ಒಂಬತ್ತು ದಿನ ಅದು ಹೊಳೆಯುತ್ತಲೇ ಕೂತಿತ್ತು. ಗೊತ್ತಿದ್ದವನಿಗೆ ಆ ಹೊಳಪು ನೋಡುವುದೇ ಕಷ್ಟ. ಹತ್ತನೇ ದಿನ ಸುಕ್ಕಾಯಿತು. ಮಗಳು ಬಂದು ದಾರ ಬಿಚ್ಚಿದಾಗ ಉದುರಿ ಎಲ್ಲೋ ಬಿತ್ತು. ಇಬ್ಬರೂ ನೆಲದ ಮೇಲೆ ಕೈಯಾಡಿಸಿ ಹುಡುಕಿದರು, ಸಿಗಲಿಲ್ಲ. ಎರಡೂ ಗಿಡ ಮೇಲೆ ಇನ್ನೂ ಇವೆಯಲ್ಲ, ಬರುವ ವರ್ಷ ಮತ್ತೆ ಕೂಡಿಸೋಣ ಅಂದಳು ಮಗಳು. ಅವನು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ನಿನ್ನ ತಪ್ಪೇನಿಲ್ಲ ಅಪ್ಪ. ಹಳದಿ ಮರಿ ಉಳಿಯೋದೇ ಕಷ್ಟ ಅಂತ ಅಮ್ಮನೇ ಹೇಳ್ತಿದ್ದಳು."

"ಉಳೀತಿತ್ತಮ್ಮ," ಎಂದ. "ನನಗೆ ಹೇಳೋರು ಇರಲಿಲ್ಲ."

ಸೋಮವಾರ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಹೆಂಡತಿ ಹೋದ ಮೇಲೆ ಅಂಗಡಿ ಬಣಗುಟ್ಟುತ್ತದೆ ಎಂದೇನೋ ಹೇಳುತ್ತಿದ್ದರು. ಮುಳ್ಳಣ್ಣ ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಸಿ, ಇನ್ನೊಂದಕ್ಕೆ ಕತ್ತಿ ತರುತ್ತಾ, ಸಾವಿರ ಸಲ ಹೇಳಿದಂತೆ ಈಗಲೂ ಹೇಳಿದ:

"ಸ್ವಲ್ಪ ಓರೆ."

ಮೇಷ್ಟ್ರು ತಲೆ ಓರೆ ಮಾಡಿದರು. ಬೆಳಕು ಬಿದ್ದು ಕೆನ್ನೆಯ ಮೇಲಿನ ಹಳೆಯ ಗಾಯದ ಗೆರೆ ಕಾಣಿಸಿತು. ಅವಳ ಒಂದು ವರ್ಷ ಅಲ್ಲೇ ಹೋಗಿತ್ತು. ಅವನು ಕತ್ತಿ ಹಿಡಿದುಕೊಂಡೇ ನಿಂತ. ಮೇಷ್ಟ್ರು ಕಣ್ಣು ಬಿಟ್ಟು, ಏನಯ್ಯ, ಮತ್ತೆ ಕೊಯ್ದೆಯಾ ಎಂದು ಕೇಳಿದರು.

ಇಲ್ಲ ಮೇಷ್ಟ್ರೇ ಎಂದು ಅವನು ಆ ಗೆರೆಯಷ್ಟನ್ನೇ ಬಿಟ್ಟು, ಸುತ್ತಲೂ ಮೆಲ್ಲಗೆ ಕ್ಷೌರ ಮಾಡಿದ.